ಕೆಸರಿನ ಟೈರಿಗೆ ಕೆಸರೊಂದೇ ಪರೀಕ್ಷೆಯಲ್ಲ

ಅಮೆರಿಕದ ಟೆಕ್ಸಸ್, ಲೂಸಿಯಾನಾ, ಫ್ಲಾರಿಡಾ ಕಡೆ ದುಡ್ಡು ಕೊಟ್ಟು ಟಿಕೆಟ್ ಪಡೆದು ಕೆಸರಿಗೆ ಇಳಿಯುವ ಜನರಿದ್ದಾರೆ. ಜೌಗು ಜಮೀನಿಗೆ ಬೇಲಿ ಹಾಕಿ, ಗುಂಡಿ ತೋಡಿ, ನೀರು ನಿಲ್ಲಿಸಿ ಮಾಡಿದ ಪಾರ್ಕುಗಳು ಅಲ್ಲಿವೆ. ವಾರಾಂತ್ಯ ಬಂತೆಂದರೆ ಟ್ರೇಲರ್ ಮೇಲೆ ಗಾಡಿ ಹೇರಿಕೊಂಡು ಸಂಸಾರ ಸಮೇತ ಹೊರಡುತ್ತಾರೆ. ಗಾಡಿಗೆ ಹೊಸ ಟೈರು ಹಾಕಿಸಿದ್ದರಂತೂ ಆ ದಿನ ಎಲ್ಲರ ಕಣ್ಣು ಅದರ ಮೇಲೆಯೇ. ಒಬ್ಬ ಸ್ಟೀರಿಂಗ್ ಹಿಡಿಯುತ್ತಾನೆ, ಇನ್ನೊಬ್ಬ ಮೊಬೈಲ್ ಹಿಡಿದು ದಡದಲ್ಲಿ ನಿಲ್ಲುತ್ತಾನೆ. ಗುಂಡಿಗೆ ಇಳಿದ ಗಾಡಿ ಬೊಬ್ಬಿಟ್ಟು, ಆಳೆತ್ತರ ರಾಡಿ ಹಾರಿಸಿ ಆಚೆ ದಡ ಹತ್ತಿದರೆ ತೀರ್ಪು ಅಲ್ಲೇ ಹೊರಬೀಳುತ್ತದೆ: ಟೈರು ಭರ್ಜರಿ. ಹತ್ತದಿದ್ದರೆ ಕೊಟ್ಟ ಹಣ ದಂಡ.

ಈ ತೀರ್ಪು ಅರ್ಧ ತೀರ್ಪು ಮಾತ್ರ. ಟೈರು ಗುಂಡಿ ದಾಟಿಸಿತೇ ಎಂಬುದಕ್ಕೆ ಅದು ಉತ್ತರ ಕೊಡುತ್ತದೆ. ದಾಟಿಸಲು ಗಾಡಿಯಿಂದ ಏನು ಕಿತ್ತುಕೊಂಡಿತು, ಒಳಗೆ ಕೂತವರನ್ನು ಎಷ್ಟು ಅಪಾಯಕ್ಕೆ ಒಡ್ಡಿತು, ನೆಲವನ್ನು ಯಾವ ಗತಿಗೆ ತಂದಿತು ಎಂಬ ಮೂರು ಪ್ರಶ್ನೆಗಳು ವಿಡಿಯೊ ಮುಗಿದ ಮೇಲೂ ಉಳಿಯುತ್ತವೆ. ಕೆಸರಿನ ಟೈರನ್ನು ಪರೀಕ್ಷಿಸುವವರು ಈ ಮೂರಕ್ಕೂ ಉತ್ತರ ಕೊಡದೆ ಅಂಕ ಕೊಡಬಾರದು.

ಇಬ್ಬರು ಅಕ್ಕಪಕ್ಕ ಕೂರುವ, ಕಾರಿನಂತೆ ಸ್ಟೀರಿಂಗ್ ಮತ್ತು ಸೀಟ್‌ಬೆಲ್ಟ್ ಇರುವ, ತಲೆಯ ಮೇಲೆ ಉಕ್ಕಿನ ಕೊಳವೆಗಳ ಪಂಜರ ಹೊತ್ತ ಈ ಗಾಡಿಗೆ ಸೈಡ್-ಬೈ-ಸೈಡ್ ಎಂದು ಹೆಸರು. ಕವಾಸಕಿ 1988ರಲ್ಲಿ ಮ್ಯೂಲ್ ತಂದಾಗ ಅದು ಜಮೀನಿನಲ್ಲಿ ಹುಲ್ಲು, ಗೊಬ್ಬರ ಸಾಗಿಸುವ ಕೆಲಸದ ಗಾಡಿ. 2003ರಲ್ಲಿ ಯಮಹಾದ ರೈನೋ ಬಂದ ಮೇಲೆ ಮೋಜಿನ ಗಾಡಿಯೂ ಆಯಿತು. ಮಿನ್ನೆಸೋಟಾದ ಪೊಲಾರಿಸ್ ಕಂಪನಿಯ ಆರ್‌ಜಡ್‌ಆರ್ ಅದಕ್ಕೆ ವೇಗದ ಹುಚ್ಚು ಹತ್ತಿಸಿತು. ಆರ್‌ಜಡ್‌ಆರ್ ಎಕ್ಸ್‌ಪಿ 1000ರ 2014ರ ಮಾದರಿಗೆ 999 ಸಿಸಿ ಎಂಜಿನ್, 107 ಅಶ್ವಶಕ್ತಿ, 29 ಇಂಚು ಎತ್ತರದ ಟೈರು. ಕಂಪನಿ ಕೊಡುವ ಆ ಟೈರು ಕಲ್ಲು, ಮಣ್ಣು, ಮರಳು ಎಲ್ಲಕ್ಕೂ ತಕ್ಕಮಟ್ಟಿಗೆ ಹೊಂದುತ್ತದೆ. ಸೋಲುವುದು ಕೆಸರಿನಲ್ಲಿ.

ಯಾಕೆ ಸೋಲುತ್ತದೆ ಎಂಬುದು ಎರೆಹೊಲದ ದಾರಿಯಲ್ಲಿ ಮಳೆಗೆ ಸಿಕ್ಕಿ ಸೈಕಲ್ ತಳ್ಳಿದವರಿಗೆ ಗೊತ್ತು. ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಚಕ್ರಕ್ಕೆ ಮಣ್ಣು ಮೆತ್ತಿ, ಮಡ್‌ಗಾರ್ಡ್ ತುಂಬಿ, ಕೊನೆಗೆ ಸೈಕಲ್ಲನ್ನೇ ಹೆಗಲ ಮೇಲೆ ಹೊರಬೇಕಾಗುತ್ತದೆ. ಇಲ್ಲಿ ಆಗುವುದೂ ಅದೇ. ಟೈರಿನ ಮೈಮೇಲೆ ಎದ್ದ ರಬ್ಬರ್ ಗಟ್ಟಿಗಳ, ಅಂದರೆ ಬಟನ್‌ಗಳ, ನಡುವಿನ ಸಂದಿಗಳಲ್ಲಿ ಜೇಡಿಮಣ್ಣು ಗಟ್ಟಿಯಾಗಿ ಕೂತರೆ ಟೈರು ನುಣುಪು ಉರುಳೆಯಾಗುತ್ತದೆ. ಎಂಜಿನ್ನಿಗೆ ಎಷ್ಟೇ ಶಕ್ತಿಯಿದ್ದರೂ ಚಕ್ರ ನಿಂತಲ್ಲೇ ಗರಗರ ತಿರುಗಿ ಇನ್ನಷ್ಟು ಆಳಕ್ಕೆ ಕೊರೆಯುತ್ತದೆ. ಗಾಡಿಯ ಹೊಟ್ಟೆ ನೆಲಕ್ಕೆ ತಾಗಿದ ಮೇಲೆ ವಿಂಚ್ ಹಗ್ಗವೇ ಗತಿ.

ಕೆಸರಿನ ಟೈರು ಇದಕ್ಕೆ ಎರಡು ಬಗೆಯಲ್ಲಿ ಪರಿಹಾರ ಹುಡುಕಿದೆ. ಒಂದು, ಬಟನ್‌ಗಳನ್ನು ಎತ್ತರ ಮಾಡಿ ದೂರದೂರ ಇಡುವುದು. ಕೆಸರಿಗೆಂದೇ ಮಾಡಿದ ಟೈರುಗಳಲ್ಲಿ ಬಟನ್ ಒಂದೂವರೆ, ಎರಡು ಇಂಚು ಎದ್ದಿರುತ್ತದೆ. ಕೆಲವದರಲ್ಲಿ ಇನ್ನೂ ಹೆಚ್ಚು. ಟ್ರ್ಯಾಕ್ಟರಿನ ಹಿಂದಿನ ಚಕ್ರದಲ್ಲಿರುವಂತೆ ಅವನ್ನು ಓರೆಯಾಗಿ ಕೂರಿಸಿರುತ್ತಾರೆ. ಚಕ್ರ ಜೋರಾಗಿ ತಿರುಗಿದಾಗ ಸಂದಿಯಲ್ಲಿ ತುಂಬಿದ ರಾಡಿ ಪಕ್ಕಕ್ಕೆ ಜಾರಿ ಹಾರಿಹೋಗುತ್ತದೆ, ಮುಂದಿನ ಸುತ್ತಿಗೆ ಬಟನ್ ಚೊಕ್ಕವಾಗುತ್ತದೆ. ಟೈರಿನ ಪಕ್ಕೆಯ ಮೇಲಿನ ಬಾಣದ ಗುರುತು ನೋಡದೆ ಉಲ್ಟಾ ಕೂರಿಸಿದರೆ ಈ ಲೆಕ್ಕವೂ ಉಲ್ಟಾ. ಎರಡು, ಚಕ್ರದ ಎತ್ತರ ಹೆಚ್ಚಿಸಿ ಅಗಲ ತಗ್ಗಿಸುವುದು. ಮೇಲಿನ ಸಡಿಲ ಕೆಸರನ್ನು ಸೀಳಿ, ಕೆಳಗಿನ ಗಟ್ಟಿ ನೆಲಕ್ಕೆ ಕಾಲೂರುವುದು ಇದರ ಉಪಾಯ. ಫ್ಲಾರಿಡಾದ ನೇಪಲ್ಸ್ ಊರಿನಲ್ಲಿ 1949ರಿಂದ ನಡೆದುಬಂದ ಸ್ವಾಂಪ್ ಬಗ್ಗಿ ಓಟದಲ್ಲಿ ಎತ್ತರದ ತೆಳು ಚಕ್ರಗಳು ಕಾಣುವುದು ಈ ಕಾರಣಕ್ಕೆ.

ಇದರ ಜೊತೆಗೆ ಗಾಳಿಯ ಲೆಕ್ಕವಿದೆ. ಕಾರಿನ ಟೈರಿಗೆ 30 ಪಿಎಸ್‌ಐ ಆಸುಪಾಸು ಹಾಕುತ್ತಾರೆ. ಇಲ್ಲಿ 10ರ ಆಸುಪಾಸು. ಗಾಳಿ ಇಳಿಸಿದಷ್ಟೂ ಟೈರು ನೆಲದ ಮೇಲೆ ಹರಡಿಕೊಂಡು ಹಿಡಿತ ಹೆಚ್ಚುತ್ತದೆ. ತೀರಾ ಇಳಿಸಿದರೆ ತಿರುವಿನಲ್ಲಿ ಟೈರು ರಿಮ್ ಬಿಟ್ಟು ಕಳಚಿಕೊಳ್ಳುತ್ತದೆ. ಎಷ್ಟು ಗಾಳಿಯಲ್ಲಿ, ಯಾವ ಮಣ್ಣಿನಲ್ಲಿ ಓಡಿಸಿದ್ದು ಎಂಬುದನ್ನು ಹೇಳದ ಪರೀಕ್ಷೆಯನ್ನು ನಂಬಿ ಟೈರು ಕೊಳ್ಳುವುದು ಕುರುಡು ವ್ಯಾಪಾರ. ಮರಳು ಬೆರೆತ ಸಡಿಲ ಕೆಸರಿನಲ್ಲಿ ಗೆದ್ದ ಟೈರು ಅಂಟು ಜೇಡಿಯಲ್ಲಿ ಮುಗ್ಗರಿಸಬಹುದು.

ಇಲ್ಲಿಂದ ಖರ್ಚಿನ ಬಾಬ್ತು. 29 ಇಂಚಿನ ಜಾಗಕ್ಕೆ 32 ಇಂಚಿನ ಟೈರು ಹಾಕಿದರೆ ಗಾಡಿ ನೆಲದಿಂದ ಏಳುವುದು ಒಂದೂವರೆ ಇಂಚು ಮಾತ್ರ. ಆದರೆ ಚಕ್ರದ ಸುತ್ತಳತೆ ಶೇ 10ರಷ್ಟು ಹೆಚ್ಚುವುದರಿಂದ ಪ್ರತಿ ಗೇರೂ ಅಷ್ಟೇ ಭಾರವಾಗುತ್ತದೆ. ಇಂಥ ಟೈರು ಒಂದೊಂದೂ 20 ಕಿಲೋ ದಾಟುವುದು ಸಾಮಾನ್ಯ. ಆ ತೂಕವೂ ತಿರುಗುವ ಚಕ್ರದ ಅಂಚಿನಲ್ಲಿ. ಅದನ್ನೆಲ್ಲ ಎಳೆಯಬೇಕಾದದ್ದು ಒಂದು ರಬ್ಬರ್ ಬೆಲ್ಟ್, ಏಕೆಂದರೆ ಈ ಗಾಡಿಗಳಲ್ಲಿ ಹೆಚ್ಚಿನವು, ಹೈ ಮತ್ತು ಲೋ ಗೇರು ಇದ್ದರೂ, ಗೇರ್‌ಲೆಸ್ ಸ್ಕೂಟರಿನ ಹಾಗೆ ಬೆಲ್ಟ್ ಮೇಲೆ ಓಡುವಂಥವು. ಗುಂಡಿಯಲ್ಲಿ ಹೂತುಕೊಂಡ ಗಾಡಿಯ ಆಕ್ಸಿಲರೇಟರನ್ನು ಹೈ ಗೇರಿನಲ್ಲೇ ತುಳಿದರೆ ಬೆಲ್ಟ್ ಜಾರಿ ಕಾಯುತ್ತದೆ, ಸೀಟಿನ ಹಿಂದಿನಿಂದ ಸುಟ್ಟ ರಬ್ಬರಿನ ವಾಸನೆ ಏಳುತ್ತದೆ. ಬೆಲ್ಟ್ ಉಳಿದರೂ ಸ್ಟೀರಿಂಗ್ ತಿರುಗಿಸಿ ಹಿಡಿದ ಹೊತ್ತಿನಲ್ಲಿ ಬಟನ್ ಬೇರಿಗೋ ಕಲ್ಲಿಗೋ ಥಟ್ಟನೆ ಕಚ್ಚಿಕೊಂಡರೆ ಆಕ್ಸಲ್ ಮುರಿಯುವುದುಂಟು. ದುಡ್ಡು ಉಳಿಸಲು ಹಿಂದಿನ ಎರಡು ಚಕ್ರಕ್ಕಷ್ಟೇ ದೊಡ್ಡ ಟೈರು ಹಾಕಿದರೆ ಇನ್ನೊಂದು ತಾಪತ್ರಯ: ಹಿಂದಿನ ಚಕ್ರ ಜಾರಿದ್ದನ್ನು ಅರಿತು ಮುಂದಿನ ಚಕ್ರಕ್ಕೆ ಶಕ್ತಿ ಕೊಡುವ ಪೊಲಾರಿಸ್ ಮಾದರಿಯ ಏರ್ಪಾಡು ಹಿಂದಿನ, ಮುಂದಿನ ಸುತ್ತುಗಳ ಲೆಕ್ಕ ತಪ್ಪಿ ಗಲಿಬಿಲಿಗೊಳ್ಳುತ್ತದೆ.

ಗಾಡಿ ಮಾಡುವವರಿಗೆ ಇದು ಗೊತ್ತಿದೆ. ಕೆಸರಿನ ಟೈರಿಗೆ ಹೆಸರಾದ ಲೂಸಿಯಾನಾದ ಹೈ ಲಿಫ್ಟರ್ ಕಂಪನಿಯ ಹೆಸರಿನಲ್ಲೇ ಪೊಲಾರಿಸ್ ಆರ್‌ಜಡ್‌ಆರ್‌ನ ವಿಶೇಷ ಮಾದರಿಯನ್ನು ಹೊರತಂದಾಗ ಟೈರು ಬದಲಿಸಿ ಕೈತೊಳೆದುಕೊಳ್ಳಲಿಲ್ಲ. ಲೋ ಗೇರನ್ನು ಇನ್ನೂ ತಗ್ಗಿಸಿತು, ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಯನ್ನು ನೀರಿಗೆ ಸಿಗದಷ್ಟು ಮೇಲಕ್ಕೆ ಒಯ್ದಿತು. ಕಾರ್ಖಾನೆಯೇ ಇಷ್ಟು ಮಾಡಿರುವಾಗ, ಅಂಗಡಿಯಿಂದ ತಂದ ನಾಲ್ಕು ಟೈರನ್ನು ಮಾಮೂಲಿ ಗಾಡಿಗೆ ಬಿಗಿದು ಗುಂಡಿಗೆ ಹಾರುವುದು ಯಾವ ಧೈರ್ಯ?

ಜೀವದ ಪ್ರಶ್ನೆ ಇನ್ನೂ ಗಂಭೀರ. 2009ರ ಮಾರ್ಚ್‌ನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವೂ ಯಮಹಾವೂ ಸೇರಿ ಸುಮಾರು 1,20,000 ರೈನೋ ಗಾಡಿಗಳಿಗೆ ಉಚಿತ ರಿಪೇರಿ ಘೋಷಿಸಿದವು. ಅಷ್ಟು ಹೊತ್ತಿಗೆ 46 ಸಾವುಗಳ ಪ್ರಕರಣಗಳು ಆಯೋಗದ ಮುಂದಿದ್ದವು. ಬಹುಪಾಲು ಗಾಡಿ ಪಲ್ಟಿಯಾದ ಪ್ರಕರಣಗಳು. ಅದರಲ್ಲೂ ಅನೇಕ ಕಡಿಮೆ ವೇಗದಲ್ಲಿ, ಸಮತಟ್ಟಾದ ನೆಲದಲ್ಲಿ ತಿರುವು ತೆಗೆದುಕೊಳ್ಳುವಾಗ ಆದಂಥವು. ಹಲವರು ಬೆಲ್ಟ್ ಹಾಕಿರಲಿಲ್ಲ. ರಿಪೇರಿ ಏನೆಂದರೆ, ಹಿಂದಿನ ಚಕ್ರಗಳಿಗೆ ಸ್ಪೇಸರ್ ಕೊಟ್ಟು ಅಗಲ ಹೆಚ್ಚಿಸುವುದು ಮತ್ತು ಹಿಂದಿನ ಆಂಟಿ-ಸ್ವೇ ಬಾರ್ ತೆಗೆಯುವುದು. ಅಲ್ಲಿನ ದೋಷ ಕೆಸರಿನ ಟೈರಿನದಲ್ಲ, ನಿಜ. ಆದರೆ ಇಂಥ ಗಾಡಿ ಪಲ್ಟಿಯಾಗುವುದಕ್ಕೂ ಆಗದಿರುವುದಕ್ಕೂ ಚಕ್ರದ ಕಡೆ ಕೆಲವೇ ಇಂಚುಗಳ ಅಂತರವೆಂದು ಆ ರಿಪೇರಿ ತೋರಿಸಿಕೊಟ್ಟಿತು. ಎತ್ತರದ ತೆಳು ಟೈರು ಗಾಡಿಯ ಭಾರವನ್ನು ಮೇಲಕ್ಕೆತ್ತುತ್ತದೆ. ಕೆಸರಿನಲ್ಲಿ ಹತ್ತು ಕಿಲೋಮೀಟರ್ ವೇಗದಲ್ಲಿ ಅದು ಗೊತ್ತಾಗುವುದಿಲ್ಲ. ಮನೆಗೆ ಮರಳುವ ಗಟ್ಟಿ ದಾರಿಯ ತಿರುವಿನಲ್ಲಿ ಗೊತ್ತಾಗುತ್ತದೆ. ಹಾಗಾಗಿ ಪರೀಕ್ಷೆಯ ಎರಡನೇ ಭಾಗ ಗಟ್ಟಿ ನೆಲದಲ್ಲಿ ನಡೆಯಬೇಕು. ಬ್ರೇಕ್ ಹಿಡಿದರೆ ಎಷ್ಟು ದೂರ ಹೋಗಿ ನಿಲ್ಲುತ್ತದೆ, ಸ್ಟೀರಿಂಗ್ ಎಷ್ಟು ನಡುಗುತ್ತದೆ, ತಿರುವಿನಲ್ಲಿ ಒಳಗಿನ ಚಕ್ರ ಏಳುತ್ತದೆಯೇ ಎಂಬುದನ್ನು ಬರೆದಿಡಬೇಕು.

ಇನ್ನು ನೆಲದ ಮಾತು. ಸಾರ್ವಜನಿಕ ಭೂಮಿಯಲ್ಲಿ ಇಂಥ ಗಾಡಿಗಳು ಎಲ್ಲಿ ಓಡಬಹುದು, ಎಲ್ಲಿ ಓಡಬಾರದು ಎಂದು ಗುರುತಿಸಬೇಕೆಂದು ಅಮೆರಿಕದ ಅಧ್ಯಕ್ಷ ನಿಕ್ಸನ್ 1972ರಲ್ಲೇ ಆದೇಶ ಹೊರಡಿಸಿದ್ದರು. ಆದರೂ ಫ್ಲಾರಿಡಾದ ಬಿಗ್ ಸೈಪ್ರೆಸ್ ಜೌಗಿನಲ್ಲಿ ಚಕ್ರ ಹೋದದ್ದೇ ದಾರಿ ಎಂಬಂತಾಗಿ, 20 ಸಾವಿರ ಮೈಲಿಗೂ ಹೆಚ್ಚು ಜಾಡುಗಳು ಹರಡಿಕೊಂಡವು. ಕೊನೆಗೆ 2000ದ ಯೋಜನೆ ಮುಖ್ಯ ಜಾಡುಗಳನ್ನು 400 ಮೈಲಿಗೆ ಇಳಿಸಿತು. ಅಮೆರಿಕದ ಅರಣ್ಯ ಸೇವೆ 1985ರಲ್ಲಿ ಶುರುಮಾಡಿದ ‘ಟ್ರೆಡ್ ಲೈಟ್ಲಿ’ (ಹಗುರವಾಗಿ ಹೆಜ್ಜೆಯಿಡಿ) ಅಭಿಯಾನವೂ ಇದೇ ಚಿಂತೆಯಿಂದ ಹುಟ್ಟಿದ್ದು.

ಕೆಸರು ದಾಟಲು ಅಗೆಯುವುದೊಂದೇ ಮಾರ್ಗವೂ ಅಲ್ಲ. 2025ರ ಗಣರಾಜ್ಯೋತ್ಸವ ಪಥಸಂಚಲನದಲ್ಲಿ ಭಾರತೀಯ ಸೇನೆ ಪ್ರದರ್ಶಿಸಿದ ಕಪಿಧ್ವಜ ವಾಹನ ನೋಡಿದವರು ಅದರ ದೈತ್ಯ ಟೈರುಗಳನ್ನು ಮರೆತಿರಲಾರರು. ತೀರಾ ಕಡಿಮೆ ಗಾಳಿಯ ಆ ಟೈರುಗಳು ಭಾರವನ್ನು ಹರಡಿ ಕೆಸರಿನ ಮೇಲೆ ತೇಲಿದಂತೆ ಸಾಗುತ್ತವೆ, ನೀರಿನಲ್ಲಿ ನಿಜಕ್ಕೂ ತೇಲುತ್ತವೆ. ಕೆಲಸ ಆಗಬೇಕಾದಲ್ಲಿ ಸೇನೆ ಈ ದಾರಿ ಹಿಡಿದಿದೆ. ಮೋಜಿನ ಲೋಕದಲ್ಲಿ ಮಾತ್ರ ಹೆಚ್ಚು ಅಗೆದವನೇ ಗಂಡುಗಲಿ.

ಮೋಜು ಮಾಡಬಾರದು ಎಂದು ಯಾರೂ ಹೇಳುತ್ತಿಲ್ಲ. ಸ್ವಂತ ಜಮೀನಿನಲ್ಲಿ, ಟಿಕೆಟ್ ಕೊಟ್ಟ ಪಾರ್ಕಿನಲ್ಲಿ ಯಾರು ಎಷ್ಟು ರಾಡಿ ಹಾರಿಸಿದರೂ ಅದು ಅವರ ಖುಷಿ. ನೆರೆ ಬಂದ ಊರಿಗೆ ಔಷಧ ಒಯ್ಯುವವನಿಗೆ, ಜೌಗಿನಲ್ಲಿ ದನ ಕಾಯುವವನಿಗೆ ಕೆಸರಿನ ಟೈರು ಶೋಕಿಯೂ ಅಲ್ಲ. ಗೋವಾದಲ್ಲಿ 2014ರಿಂದ ಮಳೆಗಾಲದ ನಡುವೆ ನಡೆದುಬಂದ ರೈನ್‌ಫಾರೆಸ್ಟ್ ಚಾಲೆಂಜ್ ಕೂಡ ನಿಯಮ, ಗಡಿ, ನಿಗಾ ಇಟ್ಟುಕೊಂಡ ಸ್ಪರ್ಧೆ. ತಕರಾರು ಇರುವುದು ಈ ಗಡಿ ಅಳಿಸಿಹೋಗುವ ಕಡೆ.

ಕರ್ನಾಟಕದಲ್ಲಿ ಅದು ಅಳಿಸಿಹೋಗುತ್ತಿದೆ. ಮಲೆನಾಡಿನ ತೋಟದ ಜೀಪುಗಳು ಮಳೆಗಾಲದಲ್ಲಿ ಚಕ್ರಕ್ಕೆ ಕಬ್ಬಿಣದ ಚೈನ್ ಸುತ್ತಿಕೊಂಡು ಏರು ಹತ್ತುವುದು ಹಳೆಯ ರೂಢಿ. ಅದು ಕೂಲಿಯಾಳು, ಗೊಬ್ಬರ, ಕಾಫಿ ಮೂಟೆ ಸಾಗಿಸುವ ಅನಿವಾರ್ಯ. ಈಗ ಅದೇ ಏರುಗಳಿಗೆ ಪ್ರವಾಸಿಗರ ಸಾಲು ಬಂದಿದೆ. ‘ಗಾಳಿಪಟ’ ಸಿನಿಮಾದ ಮುಗಿಲ್‌ಪೇಟೆಯೆಂದು ಹೆಸರಾದ ಕೊಡಗಿನ ಮಾಂದಲ್‌ಪಟ್ಟಿಗೆ ಜೀಪುಗಳು ಹತ್ತಿ ಇಳಿಯುತ್ತಲೇ ಇರುತ್ತವೆ. ಗಾಡಿ ಪ್ರಿಯರ ಗುಂಪುಗಳು ದಪ್ಪ ಬಟನ್ ಟೈರು ಹಾಕಿಕೊಂಡು ಮಳೆ ಜೋರಾದಾಗಲೇ ಘಟ್ಟಕ್ಕೆ ಬರುತ್ತವೆ. ಶೋಲಾ ಹುಲ್ಲುಗಾವಲಿನ ಇಳಿಜಾರಿನಲ್ಲಿ ಇಂಥ ಟೈರು ಒಮ್ಮೆ ಹುಲ್ಲಿನ ಹೊದಿಕೆ ಹರಿದರೆ ಅದೇ ಗೆರೆ ಹಿಡಿದು ನೀರು ಇಳಿಯುತ್ತದೆ, ಮರುವರ್ಷಕ್ಕೆ ಅಲ್ಲಿ ಕೊರಕಲು ಬೀಳುತ್ತದೆ.

ಈ ವಿಷಯದಲ್ಲಿ ರೈತರಿಗೆ ಸರ್ಕಾರ ಕೊಡುವಂಥ ಎಚ್ಚರಿಕೆ ಪ್ರವಾಸಿಗರಿಗೂ ಸಿಗಬೇಕು. ಗದ್ದೆ ಕೆಸರು ಮಾಡುವ ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್ ವೀಲ್ ಹಾಕುತ್ತಾರೆ. ಗದ್ದೆಯಲ್ಲಿ ಅದಕ್ಕೆ ಸಾಟಿಯಿಲ್ಲ, ಡಾಂಬರು ರಸ್ತೆಗೆ ಬಂದರೆ ರಸ್ತೆ ಕಿತ್ತುಹೋಗುತ್ತದೆ. ಅದಕ್ಕೇ ನಾಟಿ ಕಾಲ ಬಂದಾಗಲೆಲ್ಲ ಭತ್ತದ ಸೀಮೆಯಲ್ಲಿ ಕೇಜ್ ವೀಲ್ ರಸ್ತೆಗೆ ಇಳಿಸಬಾರದೆಂದು ಅಧಿಕಾರಿಗಳು ಸೂಚನೆ ಹೊರಡಿಸುತ್ತಾರೆ. ಉಪಕರಣ ಯಾವ ನೆಲಕ್ಕೆ ಸೇರಿದ್ದೋ ಅಲ್ಲೇ ಇರಬೇಕೆಂಬ ಆ ನಿಯಮ ಬೆಟ್ಟದ ಮೇಲಿನ ಬಟನ್ ಟೈರಿಗೂ ಅನ್ವಯವಾಗಬೇಕು. ನೋಂದಣಿ ಇಲ್ಲದ ಗಾಡಿಯನ್ನು ಸಾರ್ವಜನಿಕ ರಸ್ತೆಗೆ ಇಳಿಸಲು 1988ರ ಮೋಟಾರು ವಾಹನ ಕಾಯ್ದೆ ಹೇಗೂ ಬಿಡುವುದಿಲ್ಲ.

ಆಗಬೇಕಾದ್ದು ಇಷ್ಟು. ಟೈರಿನ ಪರೀಕ್ಷೆ ಮಾಡಿ ತೋರಿಸುವವರು ಗಾಳಿಯ ಒತ್ತಡ, ಮಣ್ಣಿನ ಬಗೆ, ಟೈರಿನ ತೂಕ, ಗಟ್ಟಿ ನೆಲದ ನಡತೆ ನಾಲ್ಕನ್ನೂ ಹೇಳಬೇಕು. ಹೇಳದಿದ್ದರೆ ಅದನ್ನು ಜಾಹೀರಾತು ಎಂದೇ ನೋಡುಗರು ಎಣಿಸಬೇಕು. ಬಾಡಿಗೆಗೆ ಗಾಡಿ ಬಿಡುವ ರೆಸಾರ್ಟುಗಳು ಸೀಟ್‌ಬೆಲ್ಟ್, ಹೆಲ್ಮೆಟ್ ಇಲ್ಲದೆ ಕೀಲಿ ಕೊಡಬಾರದು, ಕೆಸರಾಟವನ್ನು ತಮ್ಮ ಬೇಲಿಯೊಳಗೇ ನಡೆಸಬೇಕು. ಅರಣ್ಯ ಇಲಾಖೆ ಮತ್ತು ಜಿಲ್ಲಾಡಳಿತಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಲ್ಲುಗಾವಲಿನ ದಾರಿಗಳನ್ನು ಮೋಜಿನ ಗಾಡಿಗಳಿಗೆ ಮುಚ್ಚಿ, ತೋಟದ ಕೆಲಸದ ಜೀಪುಗಳಿಗೆ ಮಾತ್ರ ತೆರೆದಿಡಬೇಕು.