ಕಾಯುವ ಸಮಯಕ್ಕೆ ಕೂಲಿ ಇಲ್ಲವೇ?

ಮೊಬೈಲ್ ರಿಂಗಾದರಷ್ಟೇ ಅಂದಿನ ಗಂಜಿ ಎಂಬ ಸ್ಥಿತಿಯಲ್ಲಿರುವ ಯುವಕರು ನಮ್ಮ ಪ್ರತಿಯೊಂದು ಜಮಾಅತ್‌ನಲ್ಲೂ ಇದ್ದಾರೆ. ಬದಲಿ ಚಾಲಕರು, ಆಂಬುಲೆನ್ಸ್ ಓಡಿಸುವವರು, ಮೀನಿನ ಲಾರಿಗೆ ಲೋಡ್ ಮಾಡುವವರು, ಮದುವೆ ಅಡುಗೆಗೆ ಹೋಗುವವರು. ಇವರಾರೂ ನಿರುದ್ಯೋಗಿಗಳಲ್ಲ, ಉದ್ಯೋಗಸ್ಥರೆಂದು ಹೇಳುವಂತೆಯೂ ಇಲ್ಲ. ಕರೆ ಬಂದ ದಿನ ಕೂಲಿ, ಬಾರದ ದಿನ ಬರೀ ಕಾಯುವಿಕೆ. ಕೆಲಸಗಾರನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಪ್ರವಾದಿ(ಸ)ರ ಆದೇಶವನ್ನು ನಾವು ಮಿಂಬರ್‌ಗಳಿಂದ ಆಗಾಗ ಕೇಳುತ್ತೇವೆ. ಒಬ್ಬನನ್ನು ಬೆಳಗಿನಿಂದ ಸಂಜೆಯ ತನಕ ಊರು ಬಿಡದಂತೆ ಕಟ್ಟಿಹಾಕಿ, ಕೊನೆಗೆ 'ಇವತ್ತು ಬೇಡ' ಎನ್ನುವ ನಮ್ಮದೇ ಸಮುದಾಯದ ವ್ಯಾಪಾರಿಗಳಿಗೆ ಈ ಆದೇಶ ಅನ್ವಯಿಸುವುದಿಲ್ಲವೇ?

ಈ ಬಿಡುವನ್ನು ತುಂಬಲು ಯುವಕರು ಕಂಡುಕೊಂಡಿರುವ ಸುಲಭ ದಾರಿ, ಬೈಕ್ ಏರಿ ಆ್ಯಪ್‌ಗಳ ಊಟ ತಲುಪಿಸುವುದು. ದೇಶದಲ್ಲಿ 2020-21ರಲ್ಲಿ 77 ಲಕ್ಷದಷ್ಟಿದ್ದ ಗಿಗ್ ಕಾರ್ಮಿಕರ ಸಂಖ್ಯೆ 2029-30ಕ್ಕೆ 2.35 ಕೋಟಿ ಮುಟ್ಟೀತೆಂದು ನೀತಿ ಆಯೋಗವು 2022ರಲ್ಲಿ ಅಂದಾಜಿಸಿತ್ತು. ಕರ್ನಾಟಕ ಸರಕಾರವು 2025ರಲ್ಲಿ ಇವರಿಗಾಗಿ ಪ್ರತ್ಯೇಕ ಕಾಯ್ದೆ ತಂದಿದೆ. ಕಾರ್ಮಿಕನಿಗೆ ಸಲ್ಲುವ ಪ್ರತಿ ಪಾವತಿಯ ಮೇಲೆ ಕಂಪೆನಿಯು ಶೇ. 1ರಿಂದ 5ರಷ್ಟನ್ನು ಕಲ್ಯಾಣ ನಿಧಿಗೆ ತುಂಬಬೇಕು. ಸ್ವಾಗತಾರ್ಹ. ಆದರೆ ಈ ಕೆಲಸವೂ ಇನ್ನೊಂದು ಕರೆಯೇ ಅಲ್ಲವೇ? ಹಗಲಿಡೀ ಆ್ಯಪ್‌ನ ಹಿಂದೆ ಓಡಿದವನಿಗೆ ರಾತ್ರಿ ಆಂಬುಲೆನ್ಸ್‌ನ ಕರೆ ಬಂದರೆ, ನಿದ್ದೆಗೆಟ್ಟ ಆ ಕಣ್ಣುಗಳ ಮೇಲೆ ರೋಗಿಯ ಪ್ರಾಣ ನಿಂತಿರುತ್ತದೆ. ಬೈಕ್‌ನ ಬಡ್ಡಿ ಸಾಲವಂತೂ ಅವನನ್ನು ಮಲಗಲು ಬಿಡುವುದಿಲ್ಲ.

ಕರೆಯ ಕೆಲಸದವನಿಗೆ ಬೇಕಾಗಿರುವುದು ಅರ್ಧದಲ್ಲಿ ಕೆಳಗಿಟ್ಟು ಏಳಬಹುದಾದ ಕಸುಬು. ದಕ್ಷಿಣ ಕನ್ನಡದ ತಾಯಂದಿರು ಇದನ್ನು ಎಂದೋ ಅರಿತಿದ್ದರು. ಮಗು ಅತ್ತಾಗ ಬೀಡಿಯ ಮೊರ ಬದಿಗೆ ಸರಿಯುತ್ತಿತ್ತು, ಮಗು ಮಲಗಿದೊಡನೆ ಮತ್ತೆ ಮಡಿಲೇರುತ್ತಿತ್ತು. ಎಷ್ಟೋ ಹೆಣ್ಮಕ್ಕಳ ಮದುವೆ, ಎಷ್ಟೋ ಗಂಡುಮಕ್ಕಳ ಶಾಲೆಯ ಫೀಸು ಆ ಮೊರದಿಂದಲೇ ಎದ್ದು ಬಂದವು. ಹಾಗೆಂದು ಅದನ್ನು ವೈಭವೀಕರಿಸಲು ನಾವು ಸಿದ್ಧರಿಲ್ಲ. ಹೊಗೆಸೊಪ್ಪಿನ ಧೂಳು ಅವರ ಎದೆಯೊಳಗಿಳಿಯಿತು. ಎಲೆ ಕಡಿಮೆ ತೂಗಿದ, ಸುತ್ತಿದ್ದನ್ನು ಸರಿಯಿಲ್ಲವೆಂದು ತಿರಸ್ಕರಿಸಿದ ಗುತ್ತಿಗೆದಾರರು ಅವರ ದುಡಿಮೆಯನ್ನು ಸುಲಿದರು. ಮನೆಯಲ್ಲಿ ಸುತ್ತುವವರೂ ಕಾರ್ಮಿಕರೇ ಎಂದು 1966ರ ಕಾಯ್ದೆ ಒಪ್ಪಿದ್ದರೂ ಅದರ ಹಕ್ಕುಗಳನ್ನು ಅವರಿಗೆ ತಿಳಿಸಿ ಹೇಳುವ ಗೋಜಿಗೆ ನಮ್ಮ ಮುಖಂಡರಲ್ಲಿ ಹೆಚ್ಚಿನವರು ಹೋಗಲಿಲ್ಲ.

ಆ ಲಾಭವನ್ನು ಉಳಿಸಿ ಆ ಅನ್ಯಾಯವನ್ನು ಕಳೆಯುವ ಕೆಲಸಗಳು ಇಂದು ಇವೆ. ಹೊಲಿಗೆ, ಮೊಬೈಲ್ ರಿಪೇರಿ, ಮೋಟಾರ್ ವೈಂಡಿಂಗ್, ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆಯುವುದು. ಮದ್ರಸದ ಕೋಣೆಗಳು ಬೆಳಗಿನ ತರಗತಿ ಮುಗಿದ ಬಳಿಕ ಖಾಲಿಯಿರುತ್ತವೆ. ಅಲ್ಲಿ ನಾಲ್ಕು ಮೇಜು ಹಾಕಿ, ಕಲಿಸುವವರೊಬ್ಬರನ್ನು ನೇಮಿಸಿ, ಸಲಕರಣೆಗೆ ಬಡ್ಡಿರಹಿತ ಸಾಲ ನೀಡುವುದು ಮಸೀದಿ ಸಮಿತಿಗಳಿಗೆ ಭಾರವೇನಲ್ಲ. ಅಮೃತಶಿಲೆ ಹಾಸಲು ಹೊಂದಿಸುವ ಹಣದ ಒಂದು ಪಾಲು ಸಾಕು. ಯುವಕರೂ ಮೊದಲ ಧಣಿಗೆ ತಿಳಿಸಿಯೇ ಎರಡನೆಯ ಕೆಲಸಕ್ಕಿಳಿಯಬೇಕು. ಕರಾರು ಮುರಿದು ಗಳಿಸಿದ್ದರಲ್ಲಿ ಬರಕತ್ ಇರದು.

ಧಣಿಗಳಿಂದ ನಾವು ಕೇಳುವುದು ಎರಡೇ. ನಾಳೆ ಕೆಲಸವಿದೆಯೋ ಇಲ್ಲವೋ ಎಂಬುದನ್ನು ಇಂದಿನ ಇಶಾ ನಮಾಝ್‌ಗೆ ಮುನ್ನವೇ ತಿಳಿಸಲಿ. ಬರಹೇಳಿ ಬೇಡವೆಂದರೆ ಅರ್ಧ ದಿನದ ಕೂಲಿ ಕೊಡಲಿ. ಜಮಾಅತ್‌ನ ಮುಂದಿನ ಸಭೆಯಲ್ಲಿ ಈ ಎರಡನ್ನೂ ಚರ್ಚೆಗಿಡಿ. ಸಭೆಯ ಮುಂದಿನ ಸಾಲಿನಲ್ಲಿ ಕೂರುವ ಧಣಿಗಳು ಏನೆನ್ನುತ್ತಾರೆಂದು ತಿಳಿಯುವ ಕುತೂಹಲ ನಮಗಿದೆ.