ಗೇಟಿನ ಚಿಂತೆಯೊಂದಿಗೆ ಹೂಳಿನ ಚಿಂತೆಯೂ ಇರಲಿ

ಆದವಾನಿ ಸೀಮೆಯಲ್ಲಿ ರೈತರು ನಾಲ್ವರು ಕೂಡಿದರೆ ಮಾತು ತುಂಗಭದ್ರೆಯ ಕೆಳಮಟ್ಟದ ಕಾಲುವೆಗೇ ಬಂದು ನಿಲ್ಲುವುದು. ಎಷ್ಟು ಟಿ.ಎಂ.ಸಿ. ಬಿಡುವರು, ತುದಿಯ ಹೊಲಕ್ಕೆ ಮುಟ್ಟೀತೆ? 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗಲಂತೂ ಎಲ್ಲರಿಗೂ ಎದೆ ಒಡೆದಂತಾಯಿತು. ಆದರೆ ಎಪ್ಪತ್ತು ವರ್ಷಗಳಿಂದ ಸದ್ದಿಲ್ಲದೆ ಕೈತಪ್ಪುತ್ತಿರುವ ನೀರಿನ ಮಾತನ್ನು ಎತ್ತುವವರೇ ಇಲ್ಲ.

1953ರಲ್ಲಿ ನೀರು ನಿಲ್ಲಿಸಿದ ಈ ಜಲಾಶಯಕ್ಕೆ ಮೊದಲು ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿತ್ತು. ಈಗ 105ರ ಆಸುಪಾಸು. ಮಿಕ್ಕ ಜಾಗದಲ್ಲಿ ಹೂಳು ಕುಳಿತಿದೆ. ತೆಗೆಸಿಬಿಡಲಿ ಎನ್ನುವುದು ಸುಲಭ. ಒಂದು ಟಿ.ಎಂ.ಸಿ. ಎಂದರೆ 2.83 ಕೋಟಿ ಘನ ಮೀಟರು. ಟಿಪ್ಪರಿಗೆ ಹತ್ತು ಘನ ಮೀಟರು ಹಿಡಿದರೂ ಏಳೂವರೆ ಕೋಟಿ ಲೋಡಿಗೆ ಮಿಕ್ಕೀತು. ಏಳನೆಯ ತರಗತಿಯ ಹುಡುಗರಿಗೆ ಇದೇ ಲೆಕ್ಕ ಕೊಟ್ಟೆ. ಉತ್ತರ ಬರೆದ ಮೇಲೆ ಒಬ್ಬ ಕೇಳಿದ: "ಎಲ್ಲಿ ಸುರಿಯೋದು, ಸಾರ್?" ಇಂಜಿನಿಯರರೂ ಕೇಳಬೇಕಾದ ಪ್ರಶ್ನೆಯೇ ಸರಿ.

ನವಲಿಯ ಬಳಿ ಇನ್ನೊಂದು ಜಲಾಶಯ ಕಟ್ಟುವ ಯೋಚನೆಯೂ ಇದೆ. ಅದಕ್ಕೂ ರೈತರ ಭೂಮಿ ಮುಳುಗಬೇಕು. ಮಣ್ಣನ್ನು ಹೊಳೆಗೆ ಇಳಿಯುವ ಮೊದಲೇ ತಡೆಯುವುದು ಮೇಲು. ಬೋಳುಗುಡ್ಡಕ್ಕೆ ಗಿಡ, ಇಳಿಜಾರಿನ ಹೊಲಕ್ಕೆ ಬದು, ಹಳ್ಳಕ್ಕೆ ಒಡ್ಡು, ಊರಿಗೊಂದು ಕೆರೆ: ಇವೇ ಹೊಳೆಯ ಜರಡಿ. ಕೆರೆಯಲ್ಲಿ ನಿಂತ ಗೋಡನ್ನು ಬೇಸಿಗೆಯಲ್ಲಿ ಹೊಲಕ್ಕೆ ಹೊಡೆದರೆ ಗೊಬ್ಬರವೂ ಆಯಿತು. ಅದೇ ಗೋಡು ಜಲಾಶಯದ ತಳ ಸೇರಿದರೆ ಯಾರಿಗೂ ದಕ್ಕದು.

ಹಗರಿಬೊಮ್ಮನಹಳ್ಳಿಯ ಬಳಿಯ ಅಂಕಸಮುದ್ರವನ್ನು ನೋಡಿರಿ. ನೀರಾವರಿಗೆಂದು ಕಟ್ಟಿದ ಹಳ್ಳಿಯ ಕೆರೆ, ಸುಮಾರು 244 ಎಕರೆ. ನೀರಿನ ನಡುವಣ ಜಾಲಿಮರಗಳಲ್ಲಿ ಹಕ್ಕಿಗಳು ಗೂಡುಕಟ್ಟುವುದರಿಂದ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲಾಯಿತು. 2024ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ನಮ್ಮ ಕಡೆ ಕಾಲುವೆ ಬಂದದ್ದೇ ಕೆರೆಯನ್ನು ಮರೆತೆವು. ಕೆಲವೆಡೆ ಕೆರೆಯಂಗಳಕ್ಕೇ ನೇಗಿಲು ಹೂಡಿದ್ದಾರೆ. ಹಕ್ಕಿಗಳ ಕೆರೆ ಪೇಟೆಯವರ ಶೋಕಿ ಎಂದು ನಗುವವರಿಗೆ ಇಷ್ಟೇ ಹೇಳುವೆ: ಹಕ್ಕಿ ನಿಂತಲ್ಲಿ ನೀರೂ ನಿಂತಿದೆ.

ಮಣ್ಣು ಬರುವುದು ಬಹುಪಾಲು ಕರ್ನಾಟಕದ ಗುಡ್ಡಗಳಿಂದ, ಅದಕ್ಕೆ ನಮ್ಮ ರಾಜ್ಯದ ದುಡ್ಡೇಕೆ ಎನ್ನುವರು. ಅಣೆಕಟ್ಟಿನ ಖರ್ಚಿಗೆ ತುಂಗಭದ್ರಾ ಮಂಡಳಿಯ ಮೂಲಕ ಪಾಲು ಕೊಡುತ್ತಿಲ್ಲವೆ? ಮೇಲಿನ ಬದು, ಒಡ್ಡು, ಕೆರೆಗಳಿಗೂ ಹಾಗೆಯೇ ಕೊಡಲಿ. ನೀರು ಬಳಕೆದಾರರ ಸಂಘಗಳು ಮುಂದಿನ ಅರ್ಜಿಯಲ್ಲಿ, ನೀರು ಬಿಡುವ ತಾರೀಖಿನ ಕೆಳಗೆ, ಇದನ್ನೂ ಬರೆಯಲಿ.