ದೀರ್ಘಕಾಲದ ಖಿನ್ನತೆ: ತಡವಾದಷ್ಟೂ ಮಿದುಳಿಗೆ ಪೆಟ್ಟು

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಸುದ್ದಿಯಾಗುವುದು ರೇಷ್ಮೆ ಗೂಡಿನ ಧಾರಣೆ, ಬೊಂಬೆಗಳ ವ್ಯಾಪಾರ, ಜಮೀನಿನ ಬೆಲೆ ಹಾಗೂ ರಾಜಕೀಯದ ಕಾರಣಕ್ಕೆ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು, 2025ರ ಮೇ ತಿಂಗಳಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮರುನಾಮಕರಣಗೊಂಡ ಈ ಪ್ರದೇಶಕ್ಕೆ ಇನ್ನೊಂದು ಮಹತ್ವವೂ ಇದೆ. ಖಿನ್ನತೆಗೆ ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಪರಿಣಾಮಕಾರಿ ಚಿಕಿತ್ಸೆ ಸಾಧ್ಯವೇ ಎಂಬ ಪ್ರಶ್ನೆಯನ್ನು ವೈಜ್ಞಾನಿಕವಾಗಿ ಪರೀಕ್ಷಿಸಿ ನೋಡಿದ್ದು ಇಲ್ಲಿಯೇ. ಅದರ ಫಲಿತಾಂಶ ಏಕೆ ಮುಖ್ಯವೆಂದು ಅರಿಯಲು, ವರ್ಷಗಟ್ಟಲೆ ಉಳಿಯುವ ಖಿನ್ನತೆ ಮಿದುಳಿಗೂ ಭಾವನೆಗಳಿಗೂ ಏನು ಮಾಡುತ್ತದೆ ಎಂಬುದನ್ನು ಮೊದಲು ಗಮನಿಸಬೇಕು.

ಮಿದುಳಿನಲ್ಲಿ ಆಗುವುದೇನು?

ನೆನಪುಗಳನ್ನು ರೂಪಿಸುವ ಹಿಪ್ಪೊಕ್ಯಾಂಪಸ್ ಎಂಬ ಭಾಗಕ್ಕೆ ಇನ್ನೊಂದು ಹೊಣೆಯೂ ಇದೆ. ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಮಿತಿಮೀರದಂತೆ ತಡೆಯುವಲ್ಲಿ ಅದು ನೆರವಾಗುತ್ತದೆ. ಅನೇಕ ಖಿನ್ನತೆ ರೋಗಿಗಳಲ್ಲಿ ಈ ಹಾರ್ಮೋನಿನ ಮಟ್ಟ ಬಹುಕಾಲ ಏರಿಯೇ ಇರುತ್ತದೆ. ಅದರಿಂದ ಹಿಪ್ಪೊಕ್ಯಾಂಪಸ್ಸಿನ ನರಕೋಶಗಳ ಕವಲುಗಳು ಕುಗ್ಗಬಹುದು; ಕುಗ್ಗಿದಾಗ ತಡೆಯೂ ಸಡಿಲವಾಗುತ್ತದೆ. ಇದೊಂದು ವಿಷವರ್ತುಲ.

2016ರಲ್ಲಿ ಪ್ರಕಟವಾದ ಎನಿಗ್ಮಾ ಎಂಬ ಅಂತರರಾಷ್ಟ್ರೀಯ ಅಧ್ಯಯನವು 1,728 ರೋಗಿಗಳ ಮಿದುಳಿನ ಸ್ಕ್ಯಾನ್‌ಗಳನ್ನು 7,199 ಆರೋಗ್ಯವಂತರ ಸ್ಕ್ಯಾನ್‌ಗಳೊಡನೆ ಹೋಲಿಸಿತು. ರೋಗಿಗಳಲ್ಲಿ ಹಿಪ್ಪೊಕ್ಯಾಂಪಸ್ ಸರಾಸರಿ ಶೇ 1.2ರಷ್ಟು ಚಿಕ್ಕದಾಗಿತ್ತು. ಖಿನ್ನತೆ ಮರುಕಳಿಸಿದವರಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿತ್ತು. ಮೊದಲ ಬಾರಿಗೆ ಖಿನ್ನತೆಗೆ ಒಳಗಾದವರಲ್ಲಿ ಕಂಡುಬರಲಿಲ್ಲ. ಅದಕ್ಕೂ ಮುನ್ನ, 2003ರಲ್ಲಿ, ಅಮೆರಿಕದ ಇವೆಟ್ ಶೆಲೈನ್ ಮತ್ತು ಸಂಗಡಿಗರು 38 ಮಹಿಳೆಯರನ್ನು ಅಧ್ಯಯನ ಮಾಡಿದ್ದರು. ಚಿಕಿತ್ಸೆಯಿಲ್ಲದೆ ಖಿನ್ನತೆಯಲ್ಲಿ ಕಳೆದ ದಿನಗಳು ಹೆಚ್ಚಿದಷ್ಟೂ ಹಿಪ್ಪೊಕ್ಯಾಂಪಸ್ಸಿನ ಗಾತ್ರ ಕಡಿಮೆಯಿತ್ತು. ಚಿಕಿತ್ಸೆ ಪಡೆಯುತ್ತಿದ್ದ ದಿನಗಳಿಗೆ ಅಂತಹ ಸಂಬಂಧ ಕಾಣಲಿಲ್ಲ.

ಇವು ಸರಾಸರಿಯ ಮಾತು. ಒಬ್ಬ ವ್ಯಕ್ತಿಯ ಸ್ಕ್ಯಾನ್ ನೋಡಿ ಖಿನ್ನತೆಯನ್ನು ಗುರುತಿಸಲಾಗದು. ಕೆಲವರಲ್ಲಿ ಹಿಪ್ಪೊಕ್ಯಾಂಪಸ್ ಮೊದಲೇ ಚಿಕ್ಕದಿದ್ದು, ಅದೇ ಖಿನ್ನತೆಗೆ ದಾರಿಯಾಗಿರಲೂಬಹುದು. ಈ ಬದಲಾವಣೆ ಶಾಶ್ವತವೆಂದು ಹೇಳುವಂತೆಯೂ ಇಲ್ಲ. ಆದರೆ ಚಿಕಿತ್ಸೆ ತಡವಾಗಬಾರದು ಎಂಬ ವಾದಕ್ಕೆ ಇವು ಬಲ ನೀಡುತ್ತವೆ.

ಭಾವನೆಗಳ ಬತ್ತುವಿಕೆ

ಖಿನ್ನತೆಯೆಂದರೆ ಸದಾ ಅಳುವುದು ಎಂಬ ಕಲ್ಪನೆ ಸರಿಯಲ್ಲ. ದೀರ್ಘಕಾಲದ ಖಿನ್ನತೆಯಲ್ಲಿ ದುಃಖಕ್ಕಿಂತ ಶೂನ್ಯವೇ ಮುಂದಾಗಬಹುದು. ಹಬ್ಬ, ಮದುವೆ, ಮೊಮ್ಮಗುವಿನ ನಗು ಯಾವುದೂ ಮನಸ್ಸನ್ನು ತಟ್ಟುವುದಿಲ್ಲ. ಹಳೆಯ ಸೋಲುಗಳು ಥಟ್ಟನೆ ನೆನಪಾಗುತ್ತವೆ, ಸುಖದ ನೆನಪು ಮಸುಕಾಗುತ್ತದೆ. ಸಣ್ಣ ನಿರ್ಧಾರವೂ ಬೆಟ್ಟದಷ್ಟು ಭಾರವೆನಿಸುತ್ತದೆ.

ಇನ್ನೊಂದು ಅಪಾಯವೂ ಉಂಟು. ಮೊದಲ ಸಲದ ಖಿನ್ನತೆಗೆ ಸಾಲ, ಸಾವು, ಬೆಳೆನಷ್ಟದಂತಹ ದೊಡ್ಡ ಆಘಾತ ಕಾರಣವಾಗಿರಬಹುದು. ಮರುಕಳಿಸುತ್ತ ಹೋದಂತೆ ಅಲ್ಪ ಕಾರಣವೂ ಸಾಕಾಗುತ್ತದೆ. ಆಗ ಮನೆಯವರಿಗೆ ರೋಗ ಕಾಣುವುದಿಲ್ಲ, ಸೋಮಾರಿತನ ಕಾಣುತ್ತದೆ. ಸರಿಯಾದ ಚಿಕಿತ್ಸೆ ದೊರೆಯಬೇಕಾದ ಸಮಯ ಬುದ್ಧಿಮಾತು ಮತ್ತು ಹರಕೆಗಳಲ್ಲಿ ಕಳೆದುಹೋಗುತ್ತದೆ.

ತಡವಾಗುವುದೆಲ್ಲಿ?

ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು 20 ಮಂದಿಗೆ ಒಬ್ಬರು ಜೀವನದ ಒಂದಲ್ಲ ಒಂದು ಹಂತದಲ್ಲಿ ಖಿನ್ನತೆಗೆ ಒಳಗಾಗುತ್ತಾರೆ. ಖಿನ್ನತೆ, ಆತಂಕದಂತಹ ಸಾಮಾನ್ಯ ಮಾನಸಿಕ ಕಾಯಿಲೆಗಳಿರುವವರಲ್ಲಿ ಶೇ 85ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಆ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಆದರೂ ನಮ್ಮ ಹಳ್ಳಿಗಳ ಚಿತ್ರ ತೀರಾ ಭಿನ್ನವೆಂದು ನಂಬಲು ಕಾರಣವಿಲ್ಲ. ತಲೆನೋವು, ಮೈಕೈ ನೋವು, ನಿದ್ರೆಯಿಲ್ಲ ಎಂದು ಆಸ್ಪತ್ರೆಗೆ ಬಂದ ರೋಗಿ ನೋವಿನ ಮಾತ್ರೆ ಪಡೆದು ಮರಳುತ್ತಾರೆ. ನಿಮ್ಹಾನ್ಸ್ ರಾಮನಗರದಿಂದ ಸುಮಾರು 50 ಕಿ.ಮೀ. ದೂರದಲ್ಲಿದೆ. ಆದರೆ ಕೂಲಿಯವನಿಗೆ ಅದು ಒಂದು ದಿನದ ಸಂಪಾದನೆ ಬಿಟ್ಟು ಹೋಗಬೇಕಾದ ದೂರ.

ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಕಳೆದ ದಶಕದಲ್ಲಿ ರಾಮನಗರ ಜಿಲ್ಲೆಯಲ್ಲಿ ನಡೆಸಿದ 'ಹೋಪ್' ಅಧ್ಯಯನ ಮುಖ್ಯವಾಗುವುದು ಇಲ್ಲಿಯೇ. 49 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಖಿನ್ನತೆ ಅಥವಾ ಆತಂಕದ ಜೊತೆಗೆ ಮಧುಮೇಹ, ರಕ್ತದೊತ್ತಡದಂತಹ ಕಾಯಿಲೆಯೂ ಇದ್ದ ಸುಮಾರು 2,500 ಮಂದಿಯನ್ನು ಅದು ಒಳಗೊಂಡಿತ್ತು. ಕೆಲವು ಕೇಂದ್ರಗಳಲ್ಲಿ ಸಿಬ್ಬಂದಿ ಎರಡೂ ಬಗೆಯ ಕಾಯಿಲೆಗಳನ್ನು ಒಟ್ಟಿಗೆ ನೋಡಿಕೊಂಡರು. ಆಶಾ ಕಾರ್ಯಕರ್ತೆಯರ ನೆರವಿನಿಂದ ಗುಂಪು ಸಭೆಗಳು ನಡೆದವು. ಅಲ್ಲಿನ ರೋಗಿಗಳಲ್ಲಿ ಖಿನ್ನತೆ ಇತರ ಕೇಂದ್ರಗಳಲ್ಲಿದ್ದವರಿಗಿಂತ ಹೆಚ್ಚು ತಗ್ಗಿತು.

ಅಂದರೆ, ಮನೋವೈದ್ಯರ ಕೊರತೆಯೊಂದನ್ನೇ ಮುಂದಿಟ್ಟು ಕೈಕಟ್ಟಿ ಕೂರುವಂತಿಲ್ಲ. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ಒದಗಿಸುವ 'ಮನೋಚೈತನ್ಯ' ಯೋಜನೆಯನ್ನು ರಾಜ್ಯ ರೂಪಿಸಿದೆ. 2022ರ ಅಕ್ಟೋಬರ್‌ನಿಂದ 14416 ಸಂಖ್ಯೆಯ ಟೆಲಿ ಮಾನಸ್ ಉಚಿತ ಸಹಾಯವಾಣಿಯಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯನ್ನು ಪ್ರಜೆಯ ಹಕ್ಕೆಂದು ಸಾರಿದೆ. ಉಳಿದಿರುವುದು ದಿನನಿತ್ಯದ ಕೆಲಸ. ಸಕ್ಕರೆ, ರಕ್ತದೊತ್ತಡ ಪರೀಕ್ಷೆಗೆ ಬಂದವರನ್ನು ಮನಸ್ಸಿನ ಸ್ಥಿತಿಯ ಬಗ್ಗೆಯೂ ಕೇಳಬೇಕು. ಮಾತ್ರೆಗಳು ಹತ್ತಿರದ ಆರೋಗ್ಯ ಕೇಂದ್ರದಲ್ಲೇ ನಿರಂತರವಾಗಿ ಸಿಗಬೇಕು. ಚೇತರಿಸಿಕೊಂಡ ಬಳಿಕವೂ ಹಲವು ತಿಂಗಳು ಚಿಕಿತ್ಸೆ ನಿಲ್ಲದಂತೆ ಆಶಾ ಕಾರ್ಯಕರ್ತೆ ವಿಚಾರಿಸುತ್ತಿರಬೇಕು, ಆ ಕೆಲಸಕ್ಕೆ ಆಕೆಗೆ ತಕ್ಕ ಸಂಭಾವನೆ ದೊರೆಯಬೇಕು. ಜಿಲ್ಲೆಯ ಹೆಸರು ಬದಲಾಗಿದೆ. ಅಲ್ಲಿಯೇ ನಡೆದ ಪ್ರಯೋಗ ತೋರಿಸಿಕೊಟ್ಟದ್ದು ಆರೋಗ್ಯ ಕೇಂದ್ರಗಳ ನಿತ್ಯದ ಪದ್ಧತಿಯಾಗುವುದು ಅದಕ್ಕಿಂತ ದೊಡ್ಡ ಬದಲಾವಣೆಯಾದೀತು.